ಕಟ್ ಎಂದ ಮೇಲಿನ ಹನ್ನೊಂದು ಸೆಕೆಂಡು

ಮದುವೆ ವಿಡಿಯೋ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ಗೋಕಾಕದ ನಮ್ಮ ಮನೆಗೆ ಬರುತ್ತಾರೆ. ಯಾವ ಕ್ಯಾಮೆರಾ ಕೊಳ್ಳಲಿ, ಡ್ರೋನ್ ಇಲ್ಲದಿದ್ದರೆ ನಡೆಯುತ್ತದೆಯೇ, ಬೀಗರು ಜಗಳಕ್ಕೆ ಬಿದ್ದರೆ ಕ್ಯಾಮೆರಾ ಬಂದ್ ಮಾಡಬೇಕೋ ಬೇಡವೋ ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಕಳೆದ ವಾರ ಮೂಡಲಗಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಎರಡು ವರ್ಷದಿಂದ ಈ ಕೆಲಸ ಮಾಡುತ್ತಿರುವವಳು, ಕೈ ಚೆನ್ನಾಗಿದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಸರ್, ನನಗ ಸಿನಿಮಾದವರು ಕರದಾರ್ರಿ. ಹೋಗ್ಲ್ಯಾ?" ಎಂದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇನ್ನೊಂದು ಕಪ್ ಚಹಾ ಕುಡಿದು ಹೋಗು ಎಂದು ಮತ್ತೆ ಒಳಗೆ ಕರೆದೆ. ಚಹಾ ಮುಗಿಯಿತು, ಅವಳು ಹೊರಟಳು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಿ.ಎ. ಮುಗಿಸಿ ನೌಕರಿಯ ಅರ್ಜಿಗಳನ್ನು ಬರೆಯುತ್ತ ಕುಳಿತಿದ್ದ ಕಾಲದಲ್ಲಿ ಗೋಕಾಕದಲ್ಲಿ ವಿಡಿಯೋ ಕ್ಯಾಮೆರಾ ಇದ್ದ ಸ್ಟುಡಿಯೋಗಳು ಎರಡೋ ಮೂರೋ. ಅದರಲ್ಲೊಂದು ಭೀಮಶಿ ಮಾಮಾನದು. ಅವರು ನನಗೆ ಸಂಬಂಧಿಕರಲ್ಲ, ಊರಿಗೆಲ್ಲ ಮಾಮಾ. ಅರ್ಜಿಗೆ ಅಂಟಿಸಲು ಫೋಟೋ ತೆಗೆಸಲು ಹೋದವನನ್ನು, "ಎಷ್ಟ್ ಫೋಟೋ ತಗಸ್ತಿ? ಬಾ, ನೀನಾ ತಗಿ" ಎಂದು ಒಳಗೆ ಕರೆದುಕೊಂಡರು. ಹಾಗೆ ಹೋದವನು ಮೂವತ್ತು ವರ್ಷ ಹೊರಗೆ ಬರಲಿಲ್ಲ. ಆಗಿನ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದು, ಅದರೊಳಗೆ ದೊಡ್ಡ ಕ್ಯಾಸೆಟ್. ಜೊತೆಗೆ ಇನ್ನೊಬ್ಬ ಲೈಟು ಹಿಡಿದು ನಿಲ್ಲಬೇಕು. ಆ ಲೈಟಿನ ಕಾವಿಗೆ ಮದುಮಗಳ ಹಣೆಯ ಕುಂಕುಮ ಮೂಗಿನವರೆಗೆ ಇಳಿಯುತ್ತಿತ್ತು.

ನಾನು ಒಬ್ಬನೇ ತೆಗೆದ ಮೊದಲ ಮದುವೆ ಬೆಲ್ಲದ ಬಾಗೇವಾಡಿಯದು. ದೊಡ್ಡ ಮನೆತನ, ದೊಡ್ಡ ಹಂದರ. ಬಟನ್ ಒಮ್ಮೆ ಒತ್ತಿದರೆ ಕ್ಯಾಮೆರಾ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕ್ಯಾಸೆಟ್ ಉಳಿಸಬೇಕೆಂದು ನಾನು ಒತ್ತುತ್ತ, ಬಿಡುತ್ತ ಹೋದೆ. ನಡುವೆ ಎಲ್ಲೋ ಲೆಕ್ಕ ತಪ್ಪಿತು. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವಾಗ ಓಡುತ್ತಿದೆ ಎಂದುಕೊಂಡ ಕ್ಯಾಮೆರಾ ನಿಂತಿತ್ತು. ಮುಗಿಯಿತೆಂದು ಒತ್ತಿ, ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದು ಊಟಕ್ಕೆ ನಡೆದಾಗ ಅದು ಓಡುತ್ತಿತ್ತು. ಎಂಟು ದಿನದ ಮೇಲೆ ಹುಡುಗಿಯ ತಂದೆ ಸ್ಟುಡಿಯೋಗೆ ಬಂದು ಎಲ್ಲರೆದುರಿಗೆ ಕ್ಯಾಸೆಟ್ ಹಾಕಿಸಿದರು. ಟಿ.ವಿ.ಯಲ್ಲಿ ನೆಲ, ನನ್ನ ಪಾದ, ಪಂಕ್ತಿಯ ಎಲೆಗಳು.

"ಇದು ನನ್ನ ಮಗಳ ಲಗ್ನೋ, ನಿನ್ನ ಚಪ್ಪಲಿ ಲಗ್ನೋ, ತಮ್ಮಾ?" ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ಅವರು ಹೋದ ಮೇಲೆ ಮಾಮಾ ನನ್ನನ್ನು ಕೂರಿಸಿಕೊಂಡು ಹೇಳಿದರು: "ಅಕ್ಕಿಕಾಳು ಎರಡ್ನೇ ಸಲ ಬೀಳೂದಿಲ್ಲ. ಬಟನ್ ಒಮ್ಮೆ ಒತ್ತಿದಿ ಅಂದ್ರ ಮುಗೀತು. ಮಂದಿ ಉಂಡು ಎದ್ದು ಹ್ವಾದ್ರೂ ಕೈ ಹಚ್ಚಬ್ಯಾಡ. ಕ್ಯಾಸೆಟ್ ಹೋದ್ರ ಹೋಗಲಿ."

ಅಂದಿನಿಂದ ನನಗೊಂದು ರೂಢಿಯಾಯಿತು. ಯಾರು ಮುಗಿಯಿತು ಎಂದರೂ ನನ್ನ ಕ್ಯಾಮೆರಾ ಇನ್ನಷ್ಟು ಹೊತ್ತು ಓಡುತ್ತಿತ್ತು. ಮುಂದೆ ಸಣ್ಣ ಕ್ಯಾಮೆರಾಗಳು ಬಂದಾಗ ಇನ್ನೊಂದು ರೂಢಿ ಸೇರಿತು. ದೊಡ್ಡದರ ಪಕ್ಕದಲ್ಲಿ ಸಣ್ಣದೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಿಟ್ಟುಬಿಡುವುದು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ಎರಡನೆಯ ಪಾಠ ಹುಕ್ಕೇರಿಯದು. ಅಲ್ಲೊಂದು ಮದುವೆಯಲ್ಲಿ ಮದುಮಗಳ ಬಂಗಾರದ ಸರ ಕಾಣೆಯಾಯಿತು. ನನ್ನನ್ನೂ ಕ್ಯಾಸೆಟ್ಟನ್ನೂ ಕರೆಸಿದರು. ಮನೆಯವರೆಲ್ಲ ಟಿ.ವಿ.ಯ ಮುಂದೆ ಕುಳಿತು ಒಬ್ಬೊಬ್ಬರ ಕೈಯನ್ನೂ ನೋಡತೊಡಗಿದರು. ಮದುಮಗಳ ಸೋದರತ್ತೆ ಟ್ರಂಕಿನ ಮೇಲೆ ಬಾಗಿ, ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟದ್ದು ಕಂಡಿತು. ಆಕೆ, "ಅಣ್ಣಾ, ಅದು ಕೂಸಿನ ಕುಲಾಯಿ" ಎಂದಳು. ಕೂಸಿನ ತಲೆಯ ಟೊಪ್ಪಿಗೆ ಎಂದರೆ ಯಾರೂ ನಂಬಲಿಲ್ಲ. ಹತ್ತು ದಿನದ ಮೇಲೆ ಸರ ಅಕ್ಕಿಯ ಚೀಲದೊಳಗೆ ಸಿಕ್ಕಿತಂತೆ. ಆದರೆ ಆ ಅತ್ತೆ ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ. ಕೈ ಏನು ಮಾಡಿತು ಎಂಬುದನ್ನು ಕ್ಯಾಮೆರಾ ತೋರಿಸುತ್ತದೆ, ಏಕೆ ಮಾಡಿತು ಎಂದು ತೋರಿಸುವುದಿಲ್ಲ. ನನ್ನನ್ನೇ ಅದರಲ್ಲಿ ನೋಡಿಕೊಳ್ಳುವ ದಿನ ಬರುವವರೆಗೆ ಇದನ್ನು ಪೂರ್ತಿ ತಿಳಿದುಕೊಂಡಿರಲಿಲ್ಲ.

ಇನ್ನೊಂದು ನಿಯಮ ಮಾಮಾ ಸಾಯುವವರೆಗೂ ಬಿಡಲಿಲ್ಲ. ಕ್ಯಾಸೆಟ್ಟು ಕೆಲಸಕ್ಕೆ ಹೇಳಿಕಳಿಸಿದವರಿಗೆ ಸೇರಿದ್ದಲ್ಲ, ಕಾರ್ಯ ಯಾರ ಮನೆಯದೋ ಅವರದು. ಅದನ್ನು ಆ ಮನೆಗೇ ಹೋಗಿ ಕೊಡಬೇಕು. ಮನೆಯ ಹೆಣ್ಣುಮಗಳು ಡಬ್ಬಿಗೆ ಕುಂಕುಮ ಹಚ್ಚಿ, ದೇವರ ಜಗುಲಿಯ ಮೇಲೆ ಒಂದು ಗಳಿಗೆ ಇಟ್ಟು, ಆಮೇಲೆ ಟಿ.ವಿ.ಗೆ ಹಾಕುತ್ತಿದ್ದಳು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಉಗುರಿನಷ್ಟು ಪೆನ್‌ಡ್ರೈವ್ ಬಂತು, ನಮ್ಮ ಕಡೆ ಅದಕ್ಕೂ ಕುಂಕುಮ ಬೀಳುತ್ತದೆ.

ಮಾಮಾನ ನಂತರ ಸ್ಟುಡಿಯೋ ನನ್ನ ಕೈಗೆ ಬಂದಾಗ ಕಂಪ್ಯೂಟರಿನ ಕಾಲ. ನಾವು ಮಿಕ್ಸಿಂಗ್ ಎನ್ನುವ ಕೆಲಸವನ್ನು, ಅಂದರೆ ತೆಗೆದದ್ದನ್ನು ಕತ್ತರಿಸಿ ಜೋಡಿಸುವುದನ್ನು, ನನ್ನ ಹೆಂಡತಿ ಮಹಾದೇವಿ ಕಲಿತಳು. ನನಗಿಂತ ಚೆನ್ನಾಗಿ ಕಲಿತಳು. ಅವಳು ಎಲ್ಲಕ್ಕಿಂತ ಮೊದಲು ಮಾಡುತ್ತಿದ್ದ ಕೆಲಸ ನನ್ನ ದನಿಯನ್ನು ತೆಗೆಯುವುದು. ಕ್ಯಾಮೆರಾ ಹಿಡಿದವನ "ಅಕ್ಕಾರ, ಇತ್ತ ನೋಡ್ರಿ", "ಮಾಮಾರ, ಸ್ವಲ್ಪ ಸರೀರಿ" ಎಲ್ಲ ಮೈಕಿಗೆ ಹತ್ತಿರದಿಂದ ದಪ್ಪಗೆ ಬೀಳುತ್ತವೆ. "ಮಂದಿ ಲಗ್ನದಾಗ ನಿಮ್ಮ ವದರಾಟ ಯಾಕ?" ಎಂದು ಅವಳು ಕತ್ತರಿಸಿ ಒಗೆಯುತ್ತಿದ್ದಳು.

ಸಿನಿಮಾದವರು ಬಂದದ್ದು ನನಗೆ ಐವತ್ತು ದಾಟಿದ ಮೇಲೆ. ಗೋಕಾಕ ಫಾಲ್ಸ್ ಕಡೆ ಚಿತ್ರೀಕರಣ ನಡೆಸಿದ್ದ ತಂಡವೊಂದರ ನಿರ್ದೇಶಕ ಚೇತನ್ ನಮ್ಮ ಸ್ಟುಡಿಯೋಗೆ ಬಂದದ್ದು ಯಾವುದೋ ವಯರು ಕೇಳಲು. ಗೋಡೆಯ ಟಿ.ವಿ.ಯಲ್ಲಿ ಒಂದು ಮದುವೆ ಓಡುತ್ತಿತ್ತು. ಎಲ್ಲ ಮುಗಿದ ಮೇಲೆ ಹುಡುಗಿಯ ತಂದೆ ಅಡುಗೆಯ ಹಂಡೆಗಳ ಹಿಂದೆ ಒಬ್ಬರೇ ಕುಳಿತು ಊಟದ ತಾಟಿನಿಂದ ಗಾಳಿ ಬೀಸಿಕೊಳ್ಳುತ್ತಿರುವ ಚಿತ್ರ. ಚೇತನ್ ಅದನ್ನು ನೋಡುತ್ತ ನಿಂತುಬಿಟ್ಟರು.

"ಈ ಶಾಟ್ ಯಾರು ಸಾರ್ ತೆಗೆದಿದ್ದು?"

"ನಾನ್ರಿ."

"ಅವರಿಗೆ ಗೊತ್ತಿತ್ತಾ?"

"ಇಲ್ರಿ. ನಾ ಬಂದ್ ಮಾಡೂದಿಲ್ಲ, ಅದಕ್ಕ ಬಂದೈತಿ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ. ಮದುವೆಯ ಮನೆಯವರು 'ಎಲ್ಲಾರೂ ಬಂದಾರ' ಎಂದು ಹೇಳುತ್ತಾರೆ, ಅಷ್ಟೇ. ಈಗ ಯಾರಾದರೂ ಹೊಗಳಿದರೆ ನಾನು ಮೊದಲು ಅವರ ಮುಖ ನೋಡುವುದಿಲ್ಲ, ಅವರು ಕೇಳಲು ಬಂದದ್ದು ಏನು ಎಂದು ನೋಡುತ್ತೇನೆ. ಅಂದು ನೋಡಲಿಲ್ಲ.

ಮೊದಲು ಎರಡನೆಯ ಕ್ಯಾಮೆರಾಕ್ಕೆ ಕರೆದರು. ವಾರ ಕಳೆಯುವಷ್ಟರಲ್ಲಿ ಅವರ ಮುಖ್ಯ ಛಾಯಾಗ್ರಾಹಕರು ಬಿಟ್ಟು ಹೊರಟರು. ಹೊಟ್ಟೆ ಸರಿಯಿಲ್ಲವಂತೆ ಎಂದು ಮ್ಯಾನೇಜರ್ ಪ್ರಸನ್ನ ಹೇಳಿದ. ಚೇತನ್ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಉಳಿದ ಅರ್ಧ ಸಿನಿಮಾ ನಿಮ್ಮದು. ಪರದೆ ಮೇಲೆ ಹೆಸರು ನಿಮ್ಮದೇ ಬರುತ್ತೆ. ಮುಂದಿನ ಸಿನಿಮಾಗೂ ನೀವೇ" ಎಂದರು. ಕಾಲೇಜಿನಲ್ಲಿದ್ದಾಗ ಗೋಕಾಕದ ಟಾಕೀಜಿನಲ್ಲಿ ಹೆಸರುಗಳು ಬರುವಾಗ ಉಳಿದವರು ಕೂಗಾಡುತ್ತಿದ್ದರೆ, ಛಾಯಾಗ್ರಾಹಕನ ಆ ಒಂದು ಹೆಸರಿಗಾಗಿ ಕಾಯುತ್ತಿದ್ದವನು ನಾನು.

ಹೊರಟಿದ್ದ ಆ ಛಾಯಾಗ್ರಾಹಕರನ್ನು ಲಾಡ್ಜಿನ ಬಾಗಿಲಲ್ಲಿ ಕಂಡೆ. ಚೀಲ ಕಾರಿಗೆ ಹಾಕುತ್ತಿದ್ದರು. ಹೊಟ್ಟೆ ಕೆಟ್ಟವರ ಮುಖವಲ್ಲ. ಅವರು, "ಕಬ್ಬಿನ ಗದ್ದೆ ಸೀನ್ ದಿನ ನೀವೂ ರಜ ಹಾಕಿಬಿಡಿ" ಎಂದರು. ಏಕೆ ಎಂದು ಕೇಳಿದೆ. "ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ನೀವೂ ಕೇಳಿ ನೋಡಿ" ಎಂದು ಕಾರು ಹತ್ತಿದರು. ಹೊಟ್ಟೆಕಿಚ್ಚು ಎಂದುಕೊಂಡೆ. ನನ್ನ ಪಾಲಿಗೆ ಬಂದ ಅವಕಾಶ ಇನ್ನೊಬ್ಬರು ಬೇಡವೆಂದು ಎದ್ದು ಹೋದ ಜಾಗ ಎಂಬುದು ಹೊಳೆಯಲಿಲ್ಲ. ಹೊಳೆಯಿತು, ನಾನು ಮುಚ್ಚಿಕೊಂಡೆ ಎಂದರೆ ಹೆಚ್ಚು ಖರೆ.

ಮಹಾದೇವಿಗೆ ಮೊದಲಿನಿಂದಲೂ ಸಮಾಧಾನವಿರಲಿಲ್ಲ. "ಸಿನಿಮಾದ ಹೆಸರ ಏನ್ರಿ?" ಎಂದು ಕೇಳಿದಳು. ಇನ್ನೂ ಇಟ್ಟಿಲ್ಲ ಎಂದೆ. "ಹೆಸರಿಲ್ಲದ್ದರಾಗ ನಿಮ್ಮ ಹೆಸರ ಎಲ್ಲಿ ಹಾಕ್ತಾರ?"

ಕಬ್ಬಿನ ದೃಶ್ಯಕ್ಕೆ ಮಮದಾಪುರದ ಹತ್ತಿರ ಕಾಲುವೆಯ ಪಕ್ಕದ ಒಂದು ಹೊಲ ಗೊತ್ತು ಮಾಡಿದ್ದರು. ಕತೆಯಲ್ಲಿ ಹೊಲಕ್ಕೆ ಬೆಂಕಿ ಬೀಳುತ್ತದೆ, ನಾಯಕ ಒಳಗೆ ನುಗ್ಗಿ ಕರುವೊಂದನ್ನು ಎತ್ತಿಕೊಂಡು ಬರುತ್ತಾನೆ. ಒಳಗೆ ಓಡುವವನು ನಾಯಕನಲ್ಲ, ಅವನದೇ ಮೈಕಟ್ಟಿನ ಲಗಮಪ್ಪ. ಕುಲಗೋಡದವನು, ಕಬ್ಬು ಕಡಿಯುವ ಕೆಲಸ, ಬೇಸಿಗೆಯಲ್ಲಿ ಬಯಲಾಟದಲ್ಲಿ ಪಾತ್ರ. ನಾಯಕನ ಅಂಗಿಯಂಥದೇ ಅಂಗಿ ತೊಡಿಸಿ, ಅಂಥದೇ ಟಾವೆಲ್ಲು ಸುತ್ತಿದ್ದರು. ಹೊಗೆ ಮುಚ್ಚಿದ ಮೇಲೆ ಅವನು ಒಳಗಿನಿಂದಲೇ ಅಡ್ಡಸಾಲು ಹಿಡಿದು ಕಾಲುವೆಯ ಕಡೆ ಹೊರಬೀಳಬೇಕು. ಇತ್ತ ಅಂಚಿನಲ್ಲಿ ಕುಳಿತ ನಾಯಕ ಕರು ಎತ್ತಿಕೊಂಡು ಕ್ಯಾಮೆರಾದ ಮುಂದೆ ಬರುತ್ತಾನೆ.

"ಮಾರಿ ಅವಂದು, ಬೆನ್ನ ನಂದ್ರೀ ಮಾಸ್ತರ," ಎಂದು ಲಗಮಪ್ಪ ನನಗೆ ಹೇಳಿ ನಗುತ್ತಿದ್ದ. "ಪೋಸ್ಟರ್ ಹಿಂದಿನಿಂದ ನೋಡ್ರಿ, ನಾನಾ ಇರ್ತೇನಿ."

ಗಾಳಿಯ ಮಾತು ಎತ್ತಿದವನೂ ಅವನೇ. ನಮ್ಮ ಕಡೆ ನಿಂತ ಕಬ್ಬಿಗೆ ಬೆಂಕಿ ಹಚ್ಚುವಾಗ ಗಾಳಿಗೆ ಎದುರಾಗಿ ಹಚ್ಚುತ್ತಾರೆ. ಉರಿ ಮೆಲ್ಲಗೆ, ಹಿಂದಕ್ಕೆ ಸುಡುತ್ತ ಹೋಗುತ್ತದೆ. ಅಂದು ಗಾಳಿ ಪಡುವಣದಿಂದ ಇತ್ತು. ಚೇತನ್‌ಗೆ ಜ್ವಾಲೆಗಳು ಎದ್ದು ಕ್ಯಾಮೆರಾದ ಕಡೆಗೆ ಬರಬೇಕಾಗಿತ್ತು. ಹಾಗಾಗಿ ಪಡುವಣ ಅಂಚಿಗೇ ಹಚ್ಚಿರಿ ಎಂದರು.

"ಸಾಹೇಬ್ರ, ಈ ಕಡಿಂದ ಹಚ್ಚಿದ್ರ ಅದು ಸುಡೂದಿಲ್ರಿ, ಓಡತೈತಿ," ಎಂದ ಲಗಮಪ್ಪ. "ನನ್ನಕಿಂತ ಜೋರ ಓಡತೈತಿ. ಮತ್ತ ಅಡ್ಡಸಾಲಿನ್ಯಾಗ ರವದಿ ಹಂಗ ಬಿದ್ದೈತಲ್ರಿ?" ರವದಿ ಎಂದರೆ ಕಬ್ಬಿನ ಒಣಗಿದ ಸೋಗೆ. ಬೆಂಕಿ ಕಂಡರೆ ಸಾಕು ಹೊತ್ತಿಕೊಳ್ಳುವಂಥದು.

"ತೆಗೆಸ್ತೀವಪ್ಪಾ. ಎರಡೇ ನಿಮಿಷದ ಕೆಲಸ," ಎಂದ ಪ್ರಸನ್ನ. ಬೆಂಕಿ ಆರಿಸುವ ಗಾಡಿ ಎಲ್ಲಿ ಎಂದು ನಾನು ಕೇಳಿದೆ. ದಾರಿಯಲ್ಲಿದೆ ಎಂದ. ಯಾರಿಗಾದರೂ ಹೇಳಿಕಳಿಸಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಲಗಮಪ್ಪ ನನ್ನ ಕಡೆ ನೋಡಿದ. ಆ ಜಾಗದಲ್ಲಿ ಅವನ ಮಾತು ತಿಳಿಯಬಲ್ಲ, ಅವರಿಗೂ ಹೇಳಬಲ್ಲ ಮನುಷ್ಯ ನಾನೊಬ್ಬನೇ. ನಾನು ಲೆನ್ಸ್ ಒರೆಸಿದೆ.

ದೊಡ್ಡ ಕ್ಯಾಮೆರಾದ ಪಕ್ಕದಲ್ಲಿ ನನ್ನ ಸಣ್ಣ ಕ್ಯಾಮೆರಾವನ್ನು ನಿಲ್ಲಿಸಿದೆ. ಸಹಾಯಕರು ನಕ್ಕರು. "ಏನ್ ಸಾರ್, ತಾಳಿ ಕಟ್ಟೋದು ಮಿಸ್ ಆಗುತ್ತಾ?" ನಾನೂ ನಕ್ಕೆ.

ಬೆಂಕಿ ಹಚ್ಚಿದರು. ಚೇತನ್ "ಲಗಮಪ್ಪಾ, ಓಡು!" ಎಂದು ಕೂಗಿದರು. ಅವನು ಕ್ಯಾಮೆರಾದ ಮುಂದಿನಿಂದ ಸಾಲಿನೊಳಕ್ಕೆ ಓಡಿದ. ಎದುರಿಗೆ ಉರಿ, ಅದರೆದುರಿಗೆ ಅವನ ಬೆನ್ನು. ಹೊಗೆ ಬಂದು ಮುಚ್ಚಿತು. ನಾಯಕ ಕರು ಎತ್ತಿಕೊಂಡು ಹೊರಬಂದ. "ಕಟ್!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾಯಕನ ಮೈಮೇಲೆ ಒದ್ದೆ ಬಟ್ಟೆ ಹೊದಿಸಲು ಓಡಿದರು. ಸಹಾಯಕ ದೊಡ್ಡ ಕ್ಯಾಮೆರಾ ನಿಲ್ಲಿಸಿದ. ನಾನು ರೂಢಿಯಂತೆ ಸಣ್ಣದರ ಕಡೆ ತಿರುಗಿ ಕೆಂಪು ಚುಕ್ಕೆ ಉರಿಯುತ್ತಿದೆಯೇ ಎಂದು ನೋಡಿದೆ.

ಉರಿಯುತ್ತಿತ್ತು. ಅದರ ಅಂಗೈಯಗಲದ ಪರದೆಯಲ್ಲಿ ಕಬ್ಬಿನ ತುದಿಗಳೆಲ್ಲ ಗಾಳಿಗೆ ಮೂಡಲಿಗೆ ಬಾಗಿದ್ದವು. ಒಂದು ಕಡೆ ಮಾತ್ರ ನಾಲ್ಕೈದು ತುದಿಗಳು ಗಾಳಿಗೆ ವಿರುದ್ಧವಾಗಿ ಅಲುಗಾಡಿದವು. ನಿಂತವು. ಮತ್ತೆ ಅಲುಗಾಡಿದವು.

ನಾನು ಕೂಗಿದೆ. ಕಾಲುವೆಯ ದಂಡೆಯಲ್ಲಿ ಚಿತ್ರೀಕರಣ ನೋಡುತ್ತ ನಿಂತಿದ್ದ ಇಬ್ಬರು ಕಬ್ಬು ಕಡಿಯುವವರು ಕೊಯ್ತಾ ಹಿಡಿದು ನುಗ್ಗಿದರು. ನಾನು ಪರದೆ ನೋಡುತ್ತ "ಎಡಕ್ಕ, ಇನ್ನೂ ಎಡಕ್ಕ!" ಎಂದು ಅರಚುತ್ತಿದ್ದೆ. ಅವರು ಕಡಿದುಕೊಂಡು ಹೋಗಿ, ರವದಿಯಲ್ಲಿ ಬಿದ್ದಿದ್ದವನನ್ನು ಕಾಲು ಹಿಡಿದು ಎಳೆದು ತಂದರು. ನಾಯಕನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಲಗೈ ನೋಡಲಾಗುವಂತಿರಲಿಲ್ಲ. ಗಾಡಿಗೆ ಹಾಕುವಾಗ ಅವನು, "ಕರಾ ಉಳೀತೇನ್ರಿ?" ಎಂದು ಕೇಳಿದ. ಕರು ಒಳಗೆ ಹೋಗಿಯೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಬದುಕಿದ. ಬೆಳಗಾವಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದ. ಊರಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ನನ್ನ ರೂಢಿಯೇ ಅವನನ್ನು ಉಳಿಸಿತು ಎಂದರು. ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ.

ಮೂರನೆಯ ದಿನ ಬೆಳಿಗ್ಗೆ ಪ್ರಸನ್ನ ಮನೆಗೆ ಬಂದ. ಕೈಯಲ್ಲಿ ಕರದಂಟಿನ ಡಬ್ಬಿ. ಮಹಾದೇವಿ ಒಳಗೆ ನನ್ನನ್ನು ಕರೆದು ಮೆಲ್ಲಗೆ, "ಗೋಕಾಕದವ್ರ ಮನಿಗಿ ಕರದಂಟ ತಂದಾನ, ನೋಡ್ರಿ. ಏನೋ ಐತಿ ಇದ್ರಾಗ" ಎಂದಳು.

ಏನೋ ಇತ್ತು. ಒಂದು ಟೈಪು ಮಾಡಿದ ಹಾಳೆ. ಲಗಮಪ್ಪ ತಂಡದವನಲ್ಲ, ನೋಡಲು ಬಂದಿದ್ದವನು, ಕರುವನ್ನು ಉಳಿಸಲು ತಾನಾಗಿಯೇ ಒಳಗೆ ಹೋದ, ಛಾಯಾಗ್ರಾಹಕನಾದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿತ್ತು.

"ಎರಡು ಕೆಲಸ ಸಾರ್," ಎಂದ ಪ್ರಸನ್ನ. "ಇಲ್ಲೊಂದು ಸೈನು. ಆಮೇಲೆ ನಿಮ್ಮ ಚಿಕ್ಕ ಕ್ಯಾಮೆರಾದ ಕಾರ್ಡು. ನಮ್ಮ ಕಂಟೆಂಟ್ ಅಲ್ವಾ ಅದು."

ಸಣ್ಣ ಕ್ಯಾಮೆರಾದ ಮಾತು ಅವನಿಗೆ ಯಾರು ನೆನಪಿಸಿದರು? ಅಂದು ನಕ್ಕ ಸಹಾಯಕರೇ? ನಾನೇ ಚಹಾದಂಗಡಿಯಲ್ಲಿ ರೂಢಿಯ ಕತೆ ಹೇಳಿಕೊಂಡದ್ದು ಅವನ ಕಿವಿಗೆ ಬಿತ್ತೇ? ಆ ದಿನಗಳಲ್ಲಿ ನನಗೆ ಎದುರು ಮನೆಯವರ ಮೇಲೂ ಸಂಶಯವಿತ್ತು.

"ಅಂವಾ ನಿಮ್ಮವನಾ ಅಲ್ಲಾ?" ಎಂದು ಕೇಳಿದೆ. "ಅಂಗಿ ತೊಡಿಸಿದವರು ನೀವಾ."

ಪ್ರಸನ್ನ ತನ್ನ ಮೊಬೈಲ್ ತೆಗೆದು ಮುಂದೆ ಹಿಡಿದ. ಕಪ್ಪು ಪರದೆ. ಅದರ ಮೇಲೆ ಕಬ್ಬಿನ ಹೊಗೆ ತೇಲಿತು, ಹೊಗೆಯೊಳಗಿನಿಂದ ಬಂಗಾರದ ಬಣ್ಣದ ಅಕ್ಷರಗಳು ಮೂಡಿದವು. 'ಛಾಯಾಗ್ರಹಣ'. ಅದರ ಕೆಳಗೆ ನನ್ನ ಹೆಸರು. ನಾನು ಕಾಯುತ್ತಿದ್ದದ್ದು ಅದೇ ರೀತಿ ಬಂದು, ಒಂದು ಗಳಿಗೆ ನಿಂತು, ಕರಗಿತು. ಸಿನಿಮಾದಲ್ಲಿ ನನ್ನ ಹೆಸರನ್ನು ನಾನು ನೋಡಿದ್ದು ಅಷ್ಟೇ, ಆ ಒಂದೇ ಸಲ.

"ಇನ್ನೊಮ್ಮೆ ತೋರಿಸ್ರಿ," ಎಂದೆ.

ಇದನ್ನು ಹೊಸಬರು ತಿಳಿದಿರಬೇಕು. ನಾನು ಹಾಳೆ ಹರಿದು ಮುಖಕ್ಕೆ ಎಸೆಯಲಿಲ್ಲ. ಇನ್ನೊಮ್ಮೆ ನೋಡಿದೆ. ಎರಡು ದಿನ ಕೊಡಿ ಎಂದೆ. ಅವನು ಹಾಳೆಯನ್ನೂ ಕರದಂಟನ್ನೂ ಬಿಟ್ಟು ಹೋದ.

ಮರುದಿನ ಮಧ್ಯಾಹ್ನ ಮಹಾದೇವಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಅದರಲ್ಲಿ ಏನಿದೆ ಎಂದು ನೋಡದೆ ಕೊಡುವುದಾಗಲಿ, ಇಟ್ಟುಕೊಳ್ಳುವುದಾಗಲಿ ಬೇಡ ಎಂದಳು. ನೋಡಿದೆವು. ಅಂಗಿ ಇತ್ತು, "ಲಗಮಪ್ಪಾ, ಓಡು" ಎಂಬ ಚೇತನ್ ದನಿ ಇತ್ತು, ಬೆನ್ನು ಇತ್ತು. "ಕಟ್" ಇತ್ತು. ಚಪ್ಪಾಳೆ. ಕಬ್ಬಿನ ತುದಿಗಳ ಅಲುಗಾಟ. ಆಮೇಲೆ ನನ್ನ ಕೂಗು.

ಅವಳು ಹಿಂದಕ್ಕೆ ತಿರುಗಿಸಿದಳು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಕೈಯಿಂದ ಒತ್ತಿಕೊಂಡು ಕೇಳಿದಳು. ಮತ್ತೆ ಹಿಂದಕ್ಕೆ. ಮೂರನೆಯ ಸಲ ಅದನ್ನು ತೆಗೆದು ನನ್ನ ಕಿವಿಗೆ ಹಾಕಿದಳು.

ಕಟ್ ಎಂದದ್ದಕ್ಕೂ ನನ್ನ ಕೂಗಿಗೂ ನಡುವೆ ಹನ್ನೊಂದು ಸೆಕೆಂಡು. ಅಲುಗಾಟ ಶುರುವಾಗುವುದು ಎರಡನೆಯ ಸೆಕೆಂಡಿಗೆ. ಐದನೆಯದಕ್ಕೆ, ಮೈಕಿಗೆ ತೀರ ಹತ್ತಿರದಿಂದ, ಒಬ್ಬ ಮನುಷ್ಯ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಾನೆ: "ಛಲೋ ಬಂತು."

ನನ್ನ ದನಿ.

ಅದನ್ನು ಹೇಳಿದ್ದು ನನಗೆ ನೆನಪೇ ಇಲ್ಲ. ನನಗೆ ನೆನಪಿದ್ದದ್ದು ಪರದೆ ನೋಡಿದ್ದು, ಕೂಗಿದ್ದು. ಅವೆರಡೂ ಒಂದಕ್ಕೊಂದು ಅಂಟಿಕೊಂಡಿವೆ ಎಂದುಕೊಂಡಿದ್ದೆ. ನಡುವೆ ಇಷ್ಟು ಜಾಗವಿತ್ತು. ಕ್ಯಾಮೆರಾ ಓಡಿಸಿದ್ದು ರೂಢಿಯಿಂದಲೋ, ಹೊಗೆ ಅಷ್ಟು ಚೆನ್ನಾಗಿ ಏಳುತ್ತಿತ್ತು ಎಂದೋ? ಅಲುಗಾಟವನ್ನು ನಾನು ಮೊದಲು ಮನುಷ್ಯನೆಂದು ನೋಡಿದೆನೋ, ಚಿತ್ರವೆಂದು ನೋಡಿದೆನೋ? ಹುಕ್ಕೇರಿಯ ಅತ್ತೆಯ ಹತ್ತಿರ ಕುಲಾಯಿ ಎಂದು ಹೇಳಲು ಒಂದು ಮಾತಾದರೂ ಇತ್ತು.

ಮಹಾದೇವಿಯ ಕೈ ಆಗಲೇ ಮೌಸಿನ ಮೇಲಿತ್ತು, ಇಷ್ಟು ವರ್ಷದ ರೂಢಿಯಂತೆ. ಅವಳು ನನ್ನ ಮುಖ ನೋಡದೆ, "ದನಿ ತಗೀಲೇನ್ರಿ?" ಎಂದಳು.

"ಬ್ಯಾಡ."

"ಒಂದ ಮಾತ ಐತಿ. ತಗದ್ರ ಯಾರಿಗೂ ತಿಳಿಯೂದಿಲ್ಲ."

"ಒಂದ ಕಡೆ ಕತ್ರಿ ಆಡಿಸಿದ್ರ ಎಲ್ಲಾ ಕಡೆ ಆಡಿಸ್ಯಾರ ಅಂತಾರ. ಹಂಗ ಇರಲಿ."

ಅದು ವಕೀಲರು ಮೆಚ್ಚುವ ಉತ್ತರ. ಒಳಗಿನ ಕಾರಣ ಅದೇ ಆಗಿತ್ತೇ ಎಂದು ಈಗ ಖಾತ್ರಿ ಇಲ್ಲ.

ಮುಂದಿನದನ್ನು ಮಾಮಾನ ನಿಯಮವೇ ತೀರ್ಮಾನಿಸಿತು. ಕಾರ್ಯ ಯಾರದು? ಸುಟ್ಟುಕೊಂಡವನ ಮನೆಯದು. ಕಾರ್ಡನ್ನು ಮದುವೆಯ ಪೆನ್‌ಡ್ರೈವ್ ಕೊಡುವ ಡಬ್ಬಿಯಲ್ಲಿ ಹಾಕಿಕೊಂಡು ಕುಲಗೋಡದ ಬಸ್ಸು ಹತ್ತಿದೆ. ಲಗಮಪ್ಪನ ಹೆಂಡತಿ ಸತ್ಯವ್ವ ಎಮ್ಮೆಗಳನ್ನು ನೋಡಿಕೊಳ್ಳಲು ಆಸ್ಪತ್ರೆಯಿಂದ ಒಂದು ದಿನದ ಮಟ್ಟಿಗೆ ಊರಿಗೆ ಬಂದಿದ್ದಳು. ಡಬ್ಬಿಯ ಮೇಲೆ ಬಂಗಾರದ ಬಣ್ಣದ ಗಣಪತಿ ಇತ್ತು.

"ಯಾರ ಲಗ್ನದ್ರೀ ಇದು, ಅಣ್ಣಾರ?"

ಹೇಳಿದೆ. ಆಕೆ ಡಬ್ಬಿಯನ್ನು ಹಿಡಿದು ಒಳಗೆ ಹೋಗಿ ಜಗುಲಿಯ ಮೇಲೆ ಇಟ್ಟಳು. ಕುಂಕುಮ ಹಚ್ಚಲಿಲ್ಲ. ವಿಭೂತಿ ಹಚ್ಚಿದಳು.

ಸೈನು ಮಾಡುವುದಿಲ್ಲ, ಕಾರ್ಡು ಕೊಡುವುದಿಲ್ಲ ಎಂದು ಪ್ರಸನ್ನನಿಗೆ ಫೋನ್ ಮಾಡಿ ಹೇಳಿದೆ. ಅವನು ಬೈಯಲೂ ಇಲ್ಲ. "ಸರಿ ಸಾರ್, ಬೇರೆಯವರು ಆಗಲೇ ಬಂದಾಗಿದೆ" ಎಂದ. ಯಾವಾಗ ಬಂದರು? ನನ್ನ ಮುಂದೆ ಆ ಮೊಬೈಲ್ ಹಿಡಿದಾಗಲೇ ಇನ್ನೊಬ್ಬರು ದಾರಿಯಲ್ಲಿದ್ದರೇ? ಆ ಬಂಗಾರದ ಅಕ್ಷರಗಳನ್ನು ಇನ್ನೆಷ್ಟು ಜನರ ಹೆಸರಿಗೆ ಹಾಗೆ ಬರೆಸಿ ತೋರಿಸಿದ್ದರು? ಚೇತನ್ ಒಮ್ಮೆಯೂ ಫೋನ್ ಎತ್ತಲಿಲ್ಲ.

ಸಿನಿಮಾ ಬಿಡುಗಡೆಯಾಯಿತು. ಗೋಕಾಕದ ಟಾಕೀಜಿಗೆ ಒಬ್ಬನೇ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಹೆಸರಿನ ಜಾಗದಲ್ಲಿ ಬೇರೆ ಹೆಸರು ಬಂತು. ಕಬ್ಬಿನ ದೃಶ್ಯ ನಾನು ತೆಗೆದದ್ದೇ ಇತ್ತು, ಒಂದು ಎಳೆಯೂ ಬದಲಾಗಿರಲಿಲ್ಲ. ಉರಿಯ ಎದುರಿಗೆ ಲಗಮಪ್ಪನ ಬೆನ್ನು ಕಂಡಾಗ ಜನ ಸಿಳ್ಳೆ ಹೊಡೆದರು. ಪಕ್ಕದವನು ತನ್ನ ಗೆಳೆಯನಿಗೆ, "ಡೂಪ್ ಇಲ್ಲೋ ಲೇ, ಹೀರೋನ ಓಡ್ಯಾನ" ಎಂದ.

ಲಗಮಪ್ಪ ಈಗ ಓಡಾಡುತ್ತಾನೆ. ಬಲಗೈಯ ಬೆರಳು ಮಡಚುವುದಿಲ್ಲ, ಕೊಯ್ತಾ ಹಿಡಿಯಲಾಗುವುದಿಲ್ಲ. ಬಯಲಾಟದಲ್ಲಿ ಕತ್ತಿ ಹಿಡಿಯುವ ಪಾತ್ರ ಬಿಟ್ಟು ಸಾರಥಿಯ ಪಾತ್ರ ಮಾಡುತ್ತಾನೆ. ಎಡಗೈಯಲ್ಲಿ ಬಾರುಕೋಲು. ಕೊನೆಗೆ ಸಿನಿಮಾದವರು ಅವನು ತಮ್ಮ ತಂಡದವನೇ ಎಂದು ಬರೆದುಕೊಟ್ಟರು, ರಾಜಿಯಾಯಿತು. ಆ ಕಾರ್ಡು ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ ಎಂದು ಅವನ ಪರವಾಗಿದ್ದ ವಕೀಲರು ಹೇಳುತ್ತಾರೆ.

ಆ ವಕೀಲರ ಕಚೇರಿಯಲ್ಲಿ ಆದದ್ದೊಂದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಮೂಡಲಗಿಯ ಹುಡುಗಿಯ ಮುಂದೆ ಚಹಾ ಹಿಡಿದು ಕುಳಿತಾಗ ಹೇಳದೆ ಉಳಿಸಿಕೊಂಡದ್ದು ಅದೇ.

ಕಾರ್ಡಿನಲ್ಲಿರುವುದು ನನ್ನದೇ ಚಿತ್ರ ಎಂದು ಬರೆದುಕೊಡಲು ನನ್ನನ್ನು ಕರೆಸಿದ್ದರು. ಸತ್ಯವ್ವನೂ ಇದ್ದಳು. ಆಕೆ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ವಕೀಲರು ಕಂಪ್ಯೂಟರಿನಲ್ಲಿ ಹಾಕಿದರು. ಗಂಡನ ಬೆನ್ನು ಹೊಗೆಯೊಳಗೆ ಹೋದಾಗಲೂ ಆಕೆ ಮುಖ ತಿರುಗಿಸಲಿಲ್ಲ. ಕಟ್, ಚಪ್ಪಾಳೆ, ಆ ಮಾತು, ನನ್ನ ಕೂಗು, ಎಲ್ಲ ಮುಗಿಯಿತು.

"ನೋಡವ್ವ, ಇವರ ರೂಢಿ ನಿನ್ನ ಗಂಡನ್ನ ಉಳಿಸೇತಿ," ಎಂದರು ವಕೀಲರು.

ಆಕೆ, "ಇನ್ನೊಮ್ಮೆ ಹಾಕ್ರಿ" ಎಂದಳು. ಹಾಕಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ದನಿಯಲ್ಲಿ ಕೇಳಿದಳು.

"ಏನ್ ಛಲೋ ಬಂತ್ರಿ, ಅಣ್ಣಾರ?"

ವಕೀಲರು ಕಾಗದ ತಿರುವತೊಡಗಿದರು. ನಾನು ಪರದೆಯನ್ನು ನೋಡಿದೆ. ಕೊನೆಯ ಚಿತ್ರ ಅಲ್ಲಿ ನಿಂತಿತ್ತು.

"ಹೊಗಿ," ಎಂದೆ. "ಹೊಗಿ, ಸತ್ಯವ್ವ."

ಆಕೆಯೂ ಪರದೆ ನೋಡಿದಳು.

"ಹೂಂ," ಎಂದಳು. "ಹೊಗಿ ಛಲೋ ಬಂದೈತಿ, ಖರೆ."